ಬೆಳಿಗ್ಗೆ ಕೂಲೆಂಟ್ ಲೈಟ್ ಬರುತ್ತದೆ, ಹತ್ತು ನಿಮಿಷಕ್ಕೆ ಹೋಗುತ್ತದೆ – ಓಡಿಸಬಹುದಾ?

ಬಿಳಿಮಲ್ಲಿಗೆ (ಮಿನ್ನಿಯಾಪೊಲಿಸ್)

ಎಲ್ಲರಿಗೂ ನಮಸ್ಕಾರ. ನಾವು ಮಿನ್ನಿಯಾಪೊಲಿಸ್‌ಗೆ ಬಂದು ಎರಡು ವರ್ಷ ಆಯಿತು. ನಮ್ಮದು 2014ರ ಪೆಟ್ರೋಲ್ ಸೆಡಾನ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಒಂದು ಲಕ್ಷದ ಹತ್ತು ಸಾವಿರ ಮೈಲಿ ಓಡಿದೆ. ಗ್ಯಾರೇಜ್ ಇಲ್ಲ, ಅಪಾರ್ಟ್‌ಮೆಂಟ್ ಹೊರಗೆ ಬಯಲಲ್ಲೇ ನಿಲ್ಲಿಸುತ್ತೇವೆ.

ಒಂದು ವಾರದಿಂದ ಇಲ್ಲಿ ಬೆಳಿಗ್ಗೆ ಮೈನಸ್ 24, ಮೈನಸ್ 25 ಡಿಗ್ರಿ. ಸೆಲ್ಫ್ ಹೊಡೆದ ತಕ್ಷಣ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಡಿಮೆ ಇದೆ ಅಂತ ಹಳದಿ ಲೈಟ್ ಬರುತ್ತದೆ. ಹತ್ತು ಹನ್ನೆರಡು ನಿಮಿಷ ಓಡಿಸಿದ ಮೇಲೆ ತಾನಾಗಿ ಹೋಗುತ್ತದೆ. ಸಂಜೆ ಆಫೀಸಿನಿಂದ ಬಂದು ಬಾನೆಟ್ ತೆಗೆದು ನೋಡಿದರೆ ಬಾಟ್ಲಿಯಲ್ಲಿ ಕೂಲೆಂಟ್ ಎರಡು ಗೆರೆಗಳ ನಡುವೆ ಸರಿಯಾಗೇ ಇರುತ್ತದೆ. ಬೆಳಿಗ್ಗೆ ನೋಡಿದರೆ ಕೆಳಗಿನ ಗೆರೆಗಿಂತ ಒಂದು ಬೆರಳು ಕೆಳಗೆ.

ಇನ್ನೊಂದು ವಿಷಯ, ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಹೀಟರ್‌ನಿಂದ ತಣ್ಣನೆ ಗಾಳಿ ಬರುತ್ತದೆ, ಹೊರಟ ಮೇಲೆ ಮತ್ತೆ ಬಿಸಿ. ಸೆಪ್ಟೆಂಬರ್‌ನಲ್ಲಿ ಹತ್ತಿರದ ಒಂದು ಅಂಗಡಿಯಲ್ಲಿ ರೇಡಿಯೇಟರ್ ಮೇಲಿನ ಹೋಸ್ ಬದಲಾಯಿಸಿ ಹೊಸ ಕೂಲೆಂಟ್ ಹಾಕಿಸಿದ್ದೆವು.

ದಿನಾ ಮಗನನ್ನು ಡೇ ಕೇರ್‌ಗೆ ಬಿಟ್ಟು ಆಫೀಸಿಗೆ ಹೋಗಬೇಕು, 18 ಮೈಲಿ, ಅದರಲ್ಲಿ ಜಾಸ್ತಿ ಹೈವೇ. ಮಗು ಹಿಂದೆ ಕೂತಿರುವಾಗ ಈ ಚಳಿಯಲ್ಲಿ ಗಾಡಿ ನಿಂತರೆ ಏನು ಗತಿ ಅಂತ ಭಯ ಆಗುತ್ತಿದೆ. ಲೈಟ್ ತಾನಾಗಿ ಹೋಗುತ್ತದಲ್ಲ, ಹೀಗೇ ಓಡಿಸಬಹುದಾ?

ಮೈಲಿಗಲ್ಲು (ಬೆಂಗಳೂರು)

ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಚಳಿಗೆ ಸೆನ್ಸರ್ ತಪ್ಪು ತೋರಿಸುತ್ತಿರಬಹುದು, ಅದರ ಕನೆಕ್ಟರ್ ಬಿಚ್ಚಿಟ್ಟುಬಿಡಿ. ಇಲ್ಲ ಅಂದರೆ ಒಂದು ಬಾಟ್ಲಿ ಕುಡಿಯುವ ನೀರು ಸುರಿಯಿರಿ. ನಾನು ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ನೀರೇ ಹಾಕಿ ಓಡಿಸುತ್ತಿದ್ದೇನೆ, ಒಂದು ದಿನವೂ ಕೈ ಕೊಟ್ಟಿಲ್ಲ.

ಹಳೇ ಸ್ಪ್ಯಾನರ್ (ಹುಬ್ಬಳ್ಳಿ)

ಅಕ್ಕಾರ, ದಯವಿಟ್ಟು ಕನೆಕ್ಟರ್ ಬಿಚ್ಚಬೇಡಿ, ನೀರೂ ಹಾಕಬೇಡಿ. 28 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ, ನೀವು ಹೇಳಿದ್ದು ಓದಿದ ಕೂಡಲೇ ಬರೆಯಬೇಕು ಅನ್ನಿಸಿತು.

ಮೊದಲು ಲೈಟ್ ಯಾಕೆ ಬರುತ್ತದೆ ಅಂತ ನೋಡೋಣ. ಕೂಲೆಂಟ್ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ನಿಮ್ಮಂಥ ಕಾರಿನಲ್ಲಿ ಒಟ್ಟು ಏಳು ಲೀಟರ್ ಆಸುಪಾಸು ಇರುತ್ತದೆ. 20 ಡಿಗ್ರಿಯಿಂದ ಮೈನಸ್ 25ಕ್ಕೆ ಇಳಿದರೆ ಅದರಲ್ಲಿ ನೂರು ನೂರೈವತ್ತು ಮಿಲಿ ಲೀಟರ್ ಕಡಿಮೆ ಕಾಣುತ್ತದೆ, ಒಂದು ಲೋಟ ಚಹಾ ಇದ್ದ ಹಾಗೆ. ಎಂಜಿನ್, ರೇಡಿಯೇಟರ್, ಹೋಸ್ ಎಲ್ಲ ಯಾವಾಗಲೂ ತುಂಬಿಯೇ ಇರುವುದರಿಂದ ಆ ಒಂದು ಲೋಟದ ವ್ಯತ್ಯಾಸ ಪೂರ್ತಿ ಬಾಟ್ಲಿಯಲ್ಲೇ ಕಾಣುತ್ತದೆ. ಬಾಟ್ಲಿಯೊಳಗೆ ಒಂದು ಸಣ್ಣ ಬೆಂಡು ತೇಲುತ್ತಿರುತ್ತದೆ, ಅದು ಕೆಳಗಿಳಿದರೆ ಲೈಟ್. ಎಂಜಿನ್ ಬಿಸಿಯಾಗಿ ಕೂಲೆಂಟ್ ಹಿಗ್ಗಿದರೆ ಬೆಂಡು ಮೇಲೆ ಬರುತ್ತದೆ, ಲೈಟ್ ಹೋಗುತ್ತದೆ. ನಿಮ್ಮ ಸೆನ್ಸರ್ ಸರಿಯಾಗೇ ಕೆಲಸ ಮಾಡುತ್ತಿದೆ.

ಆದರೆ ಲೈಟ್ ಹೋಯಿತು ಅಂದರೆ ಕೂಲೆಂಟ್ ಸರಿಯಾಯಿತು ಅಂತ ಅಲ್ಲ. ಸರಿಯಾಗಿ ತುಂಬಿದ ಗಾಡಿಗೆ ಈ ಚಳಿಯಲ್ಲೂ ಲೈಟ್ ಬರಬಾರದು. ಬೇಸಿಗೆಯಲ್ಲಿ ಅಂಚಿನಲ್ಲಿದ್ದದ್ದು ಈಗ ಅಂಚು ದಾಟಿದೆ ಅಷ್ಟೇ. ಹಾಗಾದರೆ ಅಂಚಿಗೆ ಹೇಗೆ ಬಂತು? ಸೆಪ್ಟೆಂಬರ್‌ನಲ್ಲಿ ಕಡಿಮೆ ತುಂಬಿದರಾ, ಏರ್ ಸರಿಯಾಗಿ ತೆಗೆಯಲಿಲ್ಲವಾ, ಇಲ್ಲಾ ಎಲ್ಲಿಂದಲಾದರೂ ಸೋರುತ್ತಿದೆಯಾ? ಇದು ಗೊತ್ತಾಗಬೇಕು.

ನನಗೆ ಲೈಟ್‌ಗಿಂತ ನಿಮ್ಮ ಹೀಟರ್ ಮಾತೇ ಜಾಸ್ತಿ ಚಿಂತೆ ತಂದಿತು. ಹೀಟರ್‌ಗೂ ಇದೇ ಕೂಲೆಂಟ್ ಹೋಗುತ್ತದೆ, ಅದರ ಜಾಲರಿ ಡ್ಯಾಶ್‌ಬೋರ್ಡ್ ಹಿಂದೆ ಎತ್ತರದಲ್ಲಿ ಕೂತಿರುತ್ತದೆ. ಕೂಲೆಂಟ್ ಕಡಿಮೆಯಾಗಿ ಗಾಳಿ ಸೇರಿಕೊಂಡರೆ ಆ ಗಾಳಿ ಅಲ್ಲೇ ಹೋಗಿ ನಿಲ್ಲುತ್ತದೆ. ನಿಂತಾಗ ಪಂಪ್ ನಿಧಾನ ತಿರುಗುತ್ತದೆ, ಬಿಸಿ ಕೂಲೆಂಟ್ ಅಲ್ಲಿಗೆ ಏರುವುದಿಲ್ಲ. ರೇಸ್ ಕೊಟ್ಟರೆ ಏರುತ್ತದೆ. ಸಿಗ್ನಲ್‌ನಲ್ಲಿ ತಣ್ಣಗೆ, ಓಡುವಾಗ ಬಿಸಿ ಅಂದರೆ ಜಾಸ್ತಿ ಸಲ ಇದೇ ಕಾರಣ.

ಟೆಂಪರೇಚರ್ ಮುಳ್ಳನ್ನು ಮಾತ್ರ ನಂಬಿಕೊಂಡು ಕೂರಬೇಡಿ. ಕೂಲೆಂಟ್ ತೀರಾ ಕಡಿಮೆಯಾದರೆ ಆ ಮುಳ್ಳಿನ ಸೆನ್ಸರ್ ಗಾಳಿಯಲ್ಲಿ ನಿಂತುಬಿಡುತ್ತದೆ, ಎಂಜಿನ್ ಕಾದು ಕೆಂಡವಾಗಿದ್ದರೂ ಮುಳ್ಳು ನಡುವೆ ಇರಬಹುದು. ಹೀಟರ್ ಪೂರ್ತಿ ತಣ್ಣಗಾಯಿತು ಅಂದರೆ ಪಕ್ಕಕ್ಕೆ ತಗೊಂಡು ಎಂಜಿನ್ ಆಫ್ ಮಾಡಿ.

ಪ್ರೇರಿ ಗಾಳಿ (ಎಡ್ಮಂಟನ್)

ಸ್ಪ್ಯಾನರ್ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ನಾನು ನೀರಿನ ವಿಷಯ ಮಾತ್ರ ಸೇರಿಸುತ್ತೇನೆ, ಯಾಕೆಂದರೆ ಇಲ್ಲಿಗೆ ಹೊಸದಾಗಿ ಬರುವ ನಮ್ಮವರು ತುಂಬಾ ಜನ ಊರಿನ ಅಭ್ಯಾಸದಲ್ಲಿ ನೀರು ಸುರಿದುಬಿಡುತ್ತಾರೆ.

ಮೈಲಿಗಲ್ಲು ಅವರೇ, ಬೆಂಗಳೂರಿನಲ್ಲಿ ಇಷ್ಟು ವರ್ಷದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ಇಲ್ಲಿ ಪ್ರಶ್ನೆ ಅದೊಂದೇ.

ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಇದ್ದರೆ ಮೈನಸ್ 37 ಡಿಗ್ರಿವರೆಗೆ ತಡೆಯುತ್ತದೆ. ಏಳು ಲೀಟರ್‌ನಲ್ಲಿ ಒಂದು ಲೀಟರ್ ಸೋರಿತು, ಆ ಜಾಗಕ್ಕೆ ಬರೀ ನೀರು ಹಾಕಿದಿರಿ ಅಂದುಕೊಳ್ಳಿ. ಕೂಲೆಂಟ್ ಪಾಲು ಶೇಕಡಾ 43ಕ್ಕೆ ಇಳಿಯುತ್ತದೆ, ತಡೆಯುವ ಮಿತಿ ಮೈನಸ್ 28ರ ಆಸುಪಾಸಿಗೆ ಬಂತು. ಇನ್ನೊಂದು ಸಲ ಹಾಗೇ ಮಾಡಿದರೆ ಮೈನಸ್ 20ರ ಹತ್ತಿರ. ಮಿನ್ನಿಯಾಪೊಲಿಸ್‌ನಲ್ಲಿ ಅದು ಒಂದು ರಾತ್ರಿಯ ಮಾತು.

ಹಾಗಂತ ಬರೀ ಕೂಲೆಂಟ್ ಸುರಿದರೆ ಇನ್ನೂ ಗಟ್ಟಿ ಅಂತ ತಿಳಿಯಬೇಡಿ. ನೀರು ಬೆರೆಸದ ಎಥಿಲೀನ್ ಗ್ಲೈಕಾಲ್ (ಕೂಲೆಂಟ್‌ನಲ್ಲಿರುವ ಮುಖ್ಯ ದ್ರವ) ಮೈನಸ್ 13ಕ್ಕೇ ಹೆಪ್ಪುಗಟ್ಟುತ್ತದೆ! ನನಗೂ ಮೊದಲು ನಂಬಿಕೆ ಬರಲಿಲ್ಲ. ಎರಡೂ ಬೆರೆತಾಗಲೇ ಅದಕ್ಕೆ ಶಕ್ತಿ. ತೀರಾ ಚಳಿ ಜಾಗದಲ್ಲಿ 60 ಪಾಲು ಕೂಲೆಂಟ್‌ಗೆ 40 ಪಾಲು ನೀರು ಹಾಕುತ್ತಾರೆ, ಆಗ ಮೈನಸ್ 50 ಆಸುಪಾಸು ಸಿಗುತ್ತದೆ.

ಅಂಗಡಿಯಲ್ಲಿ ಎರಡು ತರ ಸಿಗುತ್ತದೆ. ಒಂದು ಈಗಾಗಲೇ ನೀರು ಬೆರೆಸಿದ್ದು, ನೇರ ಸುರಿಯುವುದು. ಇನ್ನೊಂದು ಗಟ್ಟಿಯದು, ನಾವೇ ಬೆರೆಸಬೇಕು. ಡಬ್ಬಿ ಎರಡೂ ಒಂದೇ ತರ ಕಾಣುತ್ತದೆ, ಓದಿಯೇ ತಗೊಳ್ಳಿ. ಬಣ್ಣ ನೋಡಿ ತೀರ್ಮಾನ ಮಾಡಲೇಬೇಡಿ. ಗುಲಾಬಿ, ಹಸಿರು, ಕಿತ್ತಳೆ, ನೀಲಿ ಎಲ್ಲ ಕಂಪನಿ ಕಂಪನಿಗೆ ಬೇರೆ. ನಿಮ್ಮ ಕಾರಿನ ಪುಸ್ತಕದಲ್ಲಿ ಯಾವ ಜಾತಿಯದು ಬೇಕು ಅಂತ ಬರೆದಿರುತ್ತದೆ, ಅದನ್ನೇ ಹಾಕಿ. ಹೊಂದದ ಎರಡು ಬೆರೆತರೆ ಅಂಬಲಿಯ ಹಾಗೆ ಗಟ್ಟಿಯಾಗಿ ರೇಡಿಯೇಟರ್ ಕಟ್ಟಿಕೊಳ್ಳಬಹುದು.

ಇನ್ನೊಂದು ಮಾತು. ವಿಂಡ್‌ಷೀಲ್ಡ್ ತೊಳೆಯುವ ನೀಲಿ ದ್ರವವೂ ಮೈನಸ್ ಇಷ್ಟು ಡಿಗ್ರಿ ಅಂತ ಬರೆದುಕೊಂಡು ಪಕ್ಕದಲ್ಲೇ ಇರುತ್ತದೆ. ನನ್ನ ರೂಮ್‌ಮೇಟ್ ಅದನ್ನು ಕೂಲೆಂಟ್ ಬಾಟ್ಲಿಗೆ ಹಾಕಿದ್ದ. ಅದರಲ್ಲಿರುವುದು ಮೆಥನಾಲ್, 65 ಡಿಗ್ರಿಗೇ ಕುದಿಯುತ್ತದೆ. ಪೂರ್ತಿ ಬಸಿದು ತೊಳೆಸಬೇಕಾಯಿತು.

ಮೈಲಿಗಲ್ಲು (ಬೆಂಗಳೂರು)

ಸರಿ, ನಾನು ಇಲ್ಲಿಯ ಲೆಕ್ಕದಲ್ಲಿ ಹೇಳಿದ್ದೆ. ಮೇಡಂ, ನನ್ನ ಮಾತು ಬಿಟ್ಟುಬಿಡಿ. ಆದರೆ ಒಂದು ಕೇಳುತ್ತೇನೆ, ಹಾಗಾದರೆ ನಮ್ಮ ಕಡೆ ಕೂಲೆಂಟ್ ಬೇಕೇ ಬೇಕಾ?

ಹಳೇ ಸ್ಪ್ಯಾನರ್ (ಹುಬ್ಬಳ್ಳಿ)

ಬೇಕೇ ಬೇಕು ಸರ್. ಕೂಲೆಂಟ್ ಇರುವುದು ಹೆಪ್ಪು ತಡೆಯುವುದಕ್ಕೆ ಮಾತ್ರ ಅಲ್ಲ. ತುಕ್ಕು ತಡೆಯುತ್ತದೆ, ಕುದಿಯುವ ಮಿತಿಯನ್ನೂ ಮೇಲಕ್ಕೆ ಒಯ್ಯುತ್ತದೆ. ನಮ್ಮ ಕಡೆ ಬೋರ್‌ವೆಲ್ ನೀರು ಹಾಕಿದ ಗಾಡಿಗಳ ವಾಟರ್ ಪಂಪ್ ಬಿಚ್ಚಿದರೆ ಒಳಗೆ ಬಿಳಿ ಸುಣ್ಣ, ಕೆಂಪು ತುಕ್ಕು ಪದರ ಪದರ ಕೂತಿರುತ್ತದೆ. ನೀವೂ ಒಂದು ಸಲ ಬಸಿದು ನೋಡಿ, ಯಾವ ಬಣ್ಣ ಬರುತ್ತದೆ ಅಂತ.

ಕಾಫಿ ತೋಟ (ಮಡಿಕೇರಿ)

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಹೊಸ ಕಾರಿನಲ್ಲಿ ಬೆಳಿಗ್ಗೆ ನೀಲಿ ಬಣ್ಣದ ಥರ್ಮಾಮೀಟರ್ ಲೈಟ್ ಬರುತ್ತದೆ, ಐದು ನಿಮಿಷಕ್ಕೆ ಹೋಗುತ್ತದೆ. ಇದೂ ಕೂಲೆಂಟ್ ಕಡಿಮೆ ಅಂತಲಾ?

ಪ್ರೇರಿ ಗಾಳಿ (ಎಡ್ಮಂಟನ್)

ಅಲ್ಲ. ನೀಲಿ ಅಂದರೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಅಷ್ಟೇ. ಅದು ಹೋಗುವವರೆಗೆ ಜೋರಾಗಿ ರೇಸ್ ಕೊಡಬೇಡಿ. ಹಳದಿ ಬಂದರೆ ಬಾಟ್ಲಿ ನೋಡಿ. ಕೆಂಪು ಬಂದರೆ ತಕ್ಷಣ ನಿಲ್ಲಿಸಿ.

ದ್ರಾಸ್ ದಾರಿ (ಗದಗ)

ನಾನು ಸೈನ್ಯದಲ್ಲಿ 17 ವರ್ಷ ಗಾಡಿ ಓಡಿಸಿದವನು, ಅದರಲ್ಲಿ ಎರಡು ಚಳಿಗಾಲ ಲಡಾಖ್‌ನ ದ್ರಾಸ್ ಕಡೆ. ಅಲ್ಲಿ ಮೈನಸ್ 25 ದೊಡ್ಡ ಸುದ್ದಿಯಲ್ಲ.

ಒಂದು ದೃಶ್ಯ ಹೇಳುತ್ತೇನೆ. ಒಂದು ಖಾಸಗಿ ಲಾರಿ, ದಾರಿಯಲ್ಲಿ ನೀರು ಕಡಿಮೆಯಾಯಿತು ಅಂತ ಡ್ರೈವರ್ ಹಳ್ಳದ ನೀರು ತುಂಬಿಸಿದ್ದ. ಹಗಲು ಓಡಿತು, ರಾತ್ರಿ ನಿಲ್ಲಿಸಿದ. ಬೆಳಿಗ್ಗೆ ಎಂಜಿನ್ ಪಕ್ಕದಲ್ಲಿ ಹಳೇ ರೂಪಾಯಿ ಅಗಲದ ಕೋರ್ ಪ್ಲಗ್ (ಎಂಜಿನ್ ಬ್ಲಾಕ್‌ನ ತೂತು ಮುಚ್ಚುವ ಲೋಹದ ಬಿಲ್ಲೆ) ಹೊರಗೆ ತಳ್ಳಿಕೊಂಡು ನಿಂತಿತ್ತು, ಅದರ ಹಿಂದೆ ಅಷ್ಟೇ ಅಗಲದ ಐಸ್ ಇಣುಕುತ್ತಿತ್ತು. ನೀರು ಐಸ್ ಆಗುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಕಬ್ಬಿಣವನ್ನೂ ಬಿಡುವುದಿಲ್ಲ. ಪ್ಲಗ್ ಹೋಗಿದ್ದು ಅವನ ಪುಣ್ಯ, ಇಲ್ಲದಿದ್ದರೆ ಬ್ಲಾಕೇ ಸೀಳುತ್ತಿತ್ತು. ಆ ಹುಡುಗ ಮೂರು ದಿನ ಅಲ್ಲೇ ಕಳೆದ.

ನಮಗೆ ಕಲಿಸಿದ್ದು ಒಂದೇ. ಸೆಲ್ಫ್ ಹೊಡೆಯುವ ಮೊದಲು ಟಾರ್ಚ್ ಹಿಡಿದು ಗಾಡಿ ಕೆಳಗೆ ನೋಡು, ಪ್ರತಿ ಹೋಸ್ ಕೊನೆಯ ಮೇಲೆ ಕೈ ಆಡಿಸು. ಚಳಿಯಲ್ಲಿ ಸೋರುವುದು ಗಾಡಿ ಬಿಸಿಯಾದ ಮೇಲೆ ಕಾಣುವುದಿಲ್ಲ. ತಂಗಿ, ನೀವು ಸಂಜೆ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಬೆಳಿಗ್ಗೆ ನೋಡಿ.

ಹಳೇ ಸ್ಪ್ಯಾನರ್ (ಹುಬ್ಬಳ್ಳಿ)

ಗದಗದ ಅಣ್ಣಾರು ಸರಿಯಾದ ಜಾಗಕ್ಕೆ ಕೈ ಇಟ್ಟರು. ಅಕ್ಕಾರ, ನಾಳೆ ಹೀಗೆ ಮಾಡಿ. ಇವತ್ತು ರಾತ್ರಿ ಗಾಡಿ ಕೆಳಗೆ ಮುಂಭಾಗದಲ್ಲಿ ಒಂದು ದೊಡ್ಡ ರಟ್ಟು ಹಾಸಿ, ಗಾಳಿಗೆ ಹಾರದ ಹಾಗೆ ಕಲ್ಲು ಇಡಿ. ಬಾಟ್ಲಿ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ರಟ್ಟು ನೋಡಿ. ಆಮೇಲೆ ಮೇಲಿನ ಹೋಸ್ ಎರಡೂ ಕೊನೆ, ಕೆಳಗಿನ ಹೋಸ್ ಎರಡೂ ಕೊನೆ, ವಾಟರ್ ಪಂಪ್ ಕೆಳಗಿನ ಸಣ್ಣ ತೂತು. ಒಣಗಿದ ಕೂಲೆಂಟ್ ಉಪ್ಪಿನ ಹಾಗೆ ಬಣ್ಣದ ಪುಡಿ ಕಟ್ಟಿರುತ್ತದೆ, ಅದು ಸಾಕ್ಷಿ. ಒಳಗೆ ಕಾಲಿಡುವ ಕಡೆ ಮ್ಯಾಟ್ ಒದ್ದೆ ಇದೆಯಾ, ಸಿಹಿ ವಾಸನೆ ಬರುತ್ತದಾ, ಗಾಜಿಗೆ ಜಿಡ್ಡು ಮಂಜು ಹಿಡಿಯುತ್ತದಾ ನೋಡಿ. ಹಾಗಿದ್ದರೆ ಹೀಟರ್ ಜಾಲರಿಯೇ ಸೋರುತ್ತಿದೆ ಅಂತ.

ಕೂಲೆಂಟ್ ಮುಚ್ಚಳವನ್ನು ಮಾತ್ರ ಎಂಜಿನ್ ಬಿಸಿ ಇದ್ದಾಗ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುತ್ತದೆ, 100 ಡಿಗ್ರಿ ದಾಟಿದ ಕೂಲೆಂಟ್ ಮುಖಕ್ಕೇ ಹಾರುತ್ತದೆ. ನನ್ನ ಹುಡುಗನೊಬ್ಬನ ಕೈ ಮೇಲೆ ಇನ್ನೂ ಕಲೆ ಇದೆ.

ಗ್ರಾನೈಟ್ ಊರು (ಅಬರ್ಡೀನ್)

ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಮಜ್ಜಿಗೆ ಬಣ್ಣದ ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಒಳಗೆ ಕೂಲೆಂಟ್, ಆಯಿಲ್ ಬೆರೆಯದ ಹಾಗೆ ತಡೆಯುವ ಪದರ) ಹೋಯಿತು ಅಂತ ಗಾಬರಿಯಾಗಬೇಡಿ. ಚಳಿ ಊರಿನಲ್ಲಿ ಎರಡು ಮೂರು ಮೈಲಿ ಮಾತ್ರ ಓಡಿಸುವ ಗಾಡಿಯಲ್ಲಿ ಗಾಳಿಯ ತೇವವೇ ಹಾಗೆ ಕೂರುತ್ತದೆ. ನನ್ನದರಲ್ಲಿ ಪ್ರತಿ ಜನವರಿ ಇರುತ್ತದೆ, ಒಂದು ದೂರದ ಪ್ರಯಾಣ ಮಾಡಿದರೆ ಹೋಗುತ್ತದೆ. ಆದರೆ ಡಿಪ್‌ಸ್ಟಿಕ್ ಮೇಲಿನ ಆಯಿಲ್ ಕೂಡ ಹಾಲು ಬೆರೆತ ಹಾಗಿದ್ದು, ಕೂಲೆಂಟ್ ಇಳಿಯುತ್ತಾ, ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಓಡಿಸಬೇಡಿ.

ಬಿಳಿಮಲ್ಲಿಗೆ (ಮಿನ್ನಿಯಾಪೊಲಿಸ್)

ಸಿಕ್ಕಿತು!

ಬೆಳಿಗ್ಗೆ ಆರು ಗಂಟೆ, ಮೈನಸ್ 23. ರಟ್ಟಿನ ಮೇಲೆ ಮೂರು ಗುಲಾಬಿ ಚುಕ್ಕೆ. ರಟ್ಟಿನ ಆಚೆ ಹಿಮದ ಮೇಲೂ ಒಂದು ಅಂಗೈ ಅಗಲ ಗುಲಾಬಿ ಬಣ್ಣ ಹರಡಿತ್ತು, ಇಷ್ಟು ದಿನ ಅದರ ಮೇಲೇ ಗಾಡಿ ನಿಲ್ಲಿಸುತ್ತಿದ್ದೆವು ಅಂತ ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿದೆ. ಸೆಪ್ಟೆಂಬರ್‌ನಲ್ಲಿ ಹಾಕಿದ ಮೇಲಿನ ಹೋಸ್, ರೇಡಿಯೇಟರ್‌ಗೆ ಸೇರುವ ಕಡೆ. ಕ್ಲಿಪ್ ಕೆಳಗೆ ಗುಲಾಬಿ ಪುಡಿ ಕಟ್ಟಿದೆ, ಅದರ ತುದಿಯಲ್ಲಿ ಒಂದು ಹನಿ. ನಾನು ನೋಡುತ್ತಾ ನಿಂತಿದ್ದೆ, ಒಂದೂವರೆ ನಿಮಿಷಕ್ಕೆ ಅದು ಬಿತ್ತು. ಇನ್ನೊಂದು ನಿಧಾನಕ್ಕೆ ತುಂಬಿಕೊಳ್ಳುವುದಕ್ಕೆ ಶುರುವಾಯಿತು. ಗಾಡಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟೆ, ಹನಿ ನಿಂತುಹೋಯಿತು.

ಮ್ಯಾಟ್ ಒಣಗಿದೆ, ಆಯಿಲ್ ಸ್ವಚ್ಛ ಇದೆ. ಇದು ಸ್ಕ್ರೂ ಇರುವ ಕ್ಲಿಪ್. ಇನ್ನೊಂದು ಕೊನೆಯಲ್ಲಿ ಮಾತ್ರ ಎರಡು ಕಿವಿ ಇರುವ ಸ್ಪ್ರಿಂಗ್ ಕ್ಲಿಪ್ ಇದೆ. ಯಾಕೆ ಹೀಗೆ?

ಹಳೇ ಸ್ಪ್ಯಾನರ್ (ಹುಬ್ಬಳ್ಳಿ)

ಶಹಬ್ಬಾಸ್ ಅಕ್ಕಾರ! ಹನಿ ಬೀಳುವವರೆಗೆ ಮೈನಸ್ 23ರಲ್ಲಿ ನಿಂತು ನೋಡಿದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು.

ಕಂಪನಿಯಿಂದ ಬಂದದ್ದು ಸ್ಪ್ರಿಂಗ್ ಕ್ಲಿಪ್. ಚಳಿಗೆ ರಬ್ಬರ್ ಕುಗ್ಗಿ ಗಟ್ಟಿಯಾದರೆ ಸ್ಪ್ರಿಂಗ್ ತಾನೂ ಅದರ ಜೊತೆ ಒಳಕ್ಕೆ ಅದುಮುತ್ತದೆ. ಸ್ಕ್ರೂ ಕ್ಲಿಪ್ ಎಷ್ಟಕ್ಕೆ ಬಿಗಿದಿದ್ದಾರೋ ಅಷ್ಟಕ್ಕೇ ನಿಲ್ಲುತ್ತದೆ. ಹೊಸ ಹೋಸ್ ಕೆಲವು ವಾರದಲ್ಲಿ ಸ್ವಲ್ಪ ಕೂತುಕೊಳ್ಳುತ್ತದೆ, ಮತ್ತೆ ಬಿಗಿ ಮಾಡಬೇಕು, ಯಾರೂ ಮಾಡಿಲ್ಲ. ಸೆಪ್ಟೆಂಬರ್ ಸೆಕೆಯಲ್ಲಿ ಸರಿಯಿತ್ತು, ಚಳಿಯಲ್ಲಿ ಸಂದು ಬಿತ್ತು. ಬಿಸಿಯಾದರೆ ರಬ್ಬರ್ ಮೆತ್ತಗಾಗಿ ಹಿಗ್ಗಿ ಸಂದು ಮುಚ್ಚುತ್ತದೆ.

ಗಾಡಿ ತಣ್ಣಗಿರುವಾಗ ಕಾಲು ಸುತ್ತು ಬಿಗಿ ಮಾಡಿ, ಸಾಕು. ಹೋಸ್ ಸೇರುವ ರೇಡಿಯೇಟರ್ ಮೂತಿ ಪ್ಲಾಸ್ಟಿಕ್, ಚಳಿಯಲ್ಲಿ ಗಾಜಿನ ಹಾಗೆ. ಜೋರು ಮಾಡಿದರೆ ಚಟ್ ಅಂತ ಬಿರುಕು ಬಿಟ್ಟು ರೇಡಿಯೇಟರ್‌ಗೇ ಖರ್ಚು. ವಾರದ ಕೊನೆಗೆ ಅದೇ ಅಳತೆಯ ಸ್ಪ್ರಿಂಗ್ ಕ್ಲಿಪ್ ಹಾಕಿಸಿ.

ಆಮೇಲೆ ನೀರು ಬೆರೆಸಿದ ಕೂಲೆಂಟ್ ಮೇಲಿನ ಗೆರೆ ದಾಟದ ಹಾಗೆ ತುಂಬಿ. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಓಡಿಸಿ, ಏರ್ ಸ್ಕ್ರೂ ಇದ್ದರೆ ಪುಸ್ತಕ ನೋಡಿ ಏರ್ ತೆಗೆಯಿರಿ. ಪೂರ್ತಿ ತಣ್ಣಗಾದ ಮೇಲೆ ಮತ್ತೆ ನೋಡಿ, ಗಾಳಿ ಹೊರಗೆ ಬಂದು ಲೆವೆಲ್ ಇಳಿದಿರುತ್ತದೆ, ಮತ್ತೆ ಸ್ವಲ್ಪ ಹಾಕಬೇಕಾಗುತ್ತದೆ.

ಪ್ರೇರಿ ಗಾಳಿ (ಎಡ್ಮಂಟನ್)

ತುಂಬುವ ಮೊದಲು ಈಗಿರುವುದು ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಪರೀಕ್ಷೆ ಮಾಡಿಕೊಳ್ಳಿ ಅಕ್ಕ. ರಿಫ್ರಾಕ್ಟೋಮೀಟರ್ ಅಂತ ಸಿಗುತ್ತದೆ. ಗಾಜಿನ ಮೇಲೆ ಒಂದು ಹನಿ ಇಟ್ಟು ಮುಚ್ಚಳ ಮುಚ್ಚಿ ಬೆಳಕಿಗೆ ಹಿಡಿದು ನೋಡಿದರೆ, ನೀಲಿ ಬಿಳಿ ಸೇರುವ ಗೆರೆ ಎಲ್ಲಿದೆಯೋ ಅದೇ ಮಿತಿ. ಹೋಸ್ ಹಾಕಿದವರು ಕ್ಲಿಪ್ ವಿಷಯದಲ್ಲಿ ಉದಾಸೀನ ಮಾಡಿದ್ದಾರೆ, ಕೂಲೆಂಟ್ ಹೇಗೆ ಬೆರೆಸಿದ್ದಾರೋ ಏನೋ.

ಬಿಳಿಮಲ್ಲಿಗೆ (ಮಿನ್ನಿಯಾಪೊಲಿಸ್)

ನಿಮ್ಮ ಅನುಮಾನ ನಿಜವಾಯಿತು. ಆಫೀಸಿನ ಒಬ್ಬರು ರಿಫ್ರಾಕ್ಟೋಮೀಟರ್ ಕೊಟ್ಟರು. ಗೆರೆ ಮೈನಸ್ 28ರ ಹತ್ತಿರ ನಿಂತಿದೆ. ಭಾನುವಾರ ರಾತ್ರಿ ಮೈನಸ್ 31 ಅಂತ ಹವಾಮಾನ ವರದಿ ಹೇಳುತ್ತಿದೆ. ಲೈಟ್ ಬರದೇ ಇದ್ದಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಪೂರ್ತಿ ಬಸಿದು ಹಾಕಬೇಕಾ?

ಪ್ರೇರಿ ಗಾಳಿ (ಎಡ್ಮಂಟನ್)

ಬೇಡ. ಪುಸ್ತಕದಲ್ಲಿ ಏಳು ಲೀಟರ್ ಅಂತ ಇದ್ದರೆ, ತಣ್ಣಗಿರುವಾಗ ರೇಡಿಯೇಟರ್ ಕೆಳಗಿನ ನಲ್ಲಿಯಿಂದ 900 ಮಿಲಿ ಲೀಟರ್ ತೆಗೆಯಿರಿ. ಅಷ್ಟೇ ಗಟ್ಟಿ ಕೂಲೆಂಟ್ ಹಾಕಿ, ನೀರು ಬೆರೆಸಿದ್ದು ಅಲ್ಲ. ಅರ್ಧ ಅರ್ಧಕ್ಕೆ ಬರುತ್ತದೆ. ಸೋರಿ ಕಡಿಮೆಯಾದ ಜಾಗಕ್ಕೆ ಮಾತ್ರ ಬೆರೆಸಿದ್ದು ಹಾಕಿ. ಅರ್ಧ ಗಂಟೆ ಓಡಿಸಿ, ಚೆನ್ನಾಗಿ ಬೆರೆತ ಮೇಲೆ ಮತ್ತೆ ಹನಿ ನೋಡಿ.

ಗ್ರಾನೈಟ್ ಊರು (ಅಬರ್ಡೀನ್)

ಬಸಿದದ್ದನ್ನು ಮುಚ್ಚಳ ಇರುವ ಡಬ್ಬಿಗೆ ಹಾಕಿ ಅಕ್ಕ, ತೆರೆದ ಬಟ್ಟಲಲ್ಲಿ ಬಿಟ್ಟು ಒಳಗೆ ಹೋಗಬೇಡಿ. ಅದರ ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ. ಸ್ವಲ್ಪವೇ ಹೋದರೂ ಕಿಡ್ನಿ ಹೋಗಿ ಸಾಯುತ್ತವೆ. ನಮ್ಮ ಪಕ್ಕದ ಮನೆಯವರ ಬೆಕ್ಕನ್ನು ಹೀಗೇ ಕಳೆದುಕೊಂಡೆವು, ಎರಡೇ ದಿನ. ನಿಮ್ಮ ಮನೆಯಲ್ಲಿ ಮಗುವೂ ಇದೆ. ಹಿಮದ ಮೇಲೆ ಬಿದ್ದಿರುವ ಗುಲಾಬಿಯನ್ನೂ ಸಲಿಕೆಯಲ್ಲಿ ಎತ್ತಿ ಚೀಲಕ್ಕೆ ಹಾಕಿ. ಊರಿನ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಬಹುದು.

ದ್ರಾಸ್ ದಾರಿ (ಗದಗ)

ಇನ್ನೂ ಎರಡು ದಿನ ಹೈವೇ ಬಿಟ್ಟು ಊರೊಳಗಿನ ದಾರಿಯಲ್ಲಿ ಹೋಗಿ ತಂಗಿ. ಮಗುವಿಗೆ ಒಂದು ಕಂಬಳಿ, ನಿಮಗೊಂದು, ಸಲಿಕೆ, ತುಂಬಿದ ಫೋನ್ ಗಾಡಿಯಲ್ಲಿ ಇರಲಿ. ದಾರಿಯಲ್ಲಿ ಮುಳ್ಳು ಏರುವುದಕ್ಕೆ ಶುರುವಾದರೆ ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ಪೂರ್ತಿ ಜೋರಿಗೆ ಹಾಕಿ. ಎಂಜಿನ್ ಶಾಖ ಸ್ವಲ್ಪ ಅಲ್ಲಿಂದ ಹೊರಗೆ ಹೋಗುತ್ತದೆ, ಸುರಕ್ಷಿತ ಜಾಗಕ್ಕೆ ತಲುಪುವಷ್ಟು ಸಮಯ ಸಿಗುತ್ತದೆ. ಕೆಂಪು ಲೈಟ್ ಬಂದರೆ ಈ ಹೀಟರ್ ಉಪಾಯವನ್ನೂ ಮಾಡುತ್ತಾ ಕೂರಬೇಡಿ, ನಿಲ್ಲಿಸಿಬಿಡಿ.

ಬಿಳಿಮಲ್ಲಿಗೆ (ಮಿನ್ನಿಯಾಪೊಲಿಸ್)

ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ನಾನು, ನಮ್ಮವರು ಸೇರಿ 900 ಮಿಲಿ ತೆಗೆದು ಗಟ್ಟಿ ಕೂಲೆಂಟ್ ಹಾಕಿದೆವು. ಸ್ಪ್ರಿಂಗ್ ಕ್ಲಿಪ್ ಅಳತೆ ನೋಡಿ ತಂದು ಹಾಕಿದೆವು. ಅದನ್ನು ಇಕ್ಕಳದಲ್ಲಿ ಹಿಡಿದು ಕಿವಿ ಅಮುಕಿ ಜಾಗಕ್ಕೆ ತರುವುದೇ ಕಷ್ಟ, ಬೆರಳು ಮರಗಟ್ಟಿ ಮೂರು ಸಲ ಒಳಗೆ ಬಂದು ಬೆಚ್ಚಗೆ ಮಾಡಿಕೊಂಡು ಹೋದೆವು. ಏರ್ ತೆಗೆದ ಮೇಲೆ ಲೆವೆಲ್ ಎರಡು ಬೆರಳು ಇಳಿಯಿತು, ಮತ್ತೆ ಬೆರೆಸಿದ್ದು ಹಾಕಿದೆವು, ಎಲ್ಲ ಸೇರಿ ಸುಮಾರು 600 ಮಿಲಿ ಹಿಡಿಯಿತು. ಭಾನುವಾರ ಹನಿ ಇಟ್ಟು ನೋಡಿದಾಗ ಗೆರೆ ಮೈನಸ್ 36.

ಇವತ್ತು ಬೆಳಿಗ್ಗೆ ಮೈನಸ್ 31. ರಟ್ಟು ಒಣಗಿದೆ. ಬಾಟ್ಲಿಯಲ್ಲಿ ಕೂಲೆಂಟ್ ಕೆಳಗಿನ ಗೆರೆಗಿಂತ ಒಂದು ಬೆರಳು ಮೇಲೆ. ಲೈಟ್ ಬರಲಿಲ್ಲ. ಡೇ ಕೇರ್ ಹತ್ತಿರದ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತಿದ್ದೆವು, ಬಿಸಿ ಗಾಳಿ ಬರುತ್ತಲೇ ಇತ್ತು, ಮಗ ಹಿಂದೆ ಟೋಪಿ ತೆಗೆದುಹಾಕಿ ಕೂತಿದ್ದ. ರಟ್ಟು ಇನ್ನೂ ಒಂದು ವಾರ ಹಾಸುತ್ತೇನೆ, ಏನಾದರೂ ಕಂಡರೆ ಇಲ್ಲೇ ಬರೆಯುತ್ತೇನೆ.